ಹಲಗೆಗೆ ಬೇಕಾದ ಹೆಸರು

ಲೋಹಿಯೋಕಿ
17 ಜನವರಿ 1999

ಹೇಯ್ಕಾ,

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮ ವಿಚಾರಿಸಬಾರದು ಎಂದೇ ಎರಡು ತಿಂಗಳು ಹಟ ಹಿಡಿದು ಕೂತಿದ್ದೆ. ಬ್ರೀಟಾ ಬಿಡಲಿಲ್ಲ. "ಮೀಸೆ ಮೂಡೋಕೆ ಮುಂಚಿಂದ ಸೌನಾದ ಒಂದೇ ಬೆಂಚಿನ ಮೇಲೆ ಕೂತು ಬೆವರು ಸುರಿಸಿದೋರು, ಈಗ ಮಕ್ಕಳ ಥರ ಟೂ ಬಿಟ್ಕೊಂಡಿದೀರಲ್ಲ, ನಾಚ್ಕೆ ಆಗಲ್ವೇನ್ರೀ?" ಎಂದು ಕಾಗದ, ಪೆನ್ನು ತಂದು ಮುಂದಿಟ್ಟಳು. ಹೆಂಡತಿಯ ಮಾತು ಮೀರಿದರೆ ಈ ಮನೆಯಲ್ಲಿ ಕಾಫಿ ಸಿಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕುಕ್ಕುತ್ತೀಯ. ಕಾಗದವನ್ನು ಹಾಗೆ ಕುಕ್ಕಲಾಗುವುದಿಲ್ಲ.

ನವೆಂಬರಿನ ಸಭೆಯಲ್ಲಿ ನಾನು ಮಾಡಿದ ತಪ್ಪಾದರೂ ಏನು ಹೇಳು. ನಾವಿಬ್ಬರೂ ಓದಿದ ಹಳೇ ಶಾಲೆಯ ಕಟ್ಟಡ ನಮ್ಮ ಸಂಘದ ಕೈಗೆ ಬಂದಿದೆ. ಬಾಗಿಲ ಮೇಲೊಂದು ಹೆಸರು ಬೇಕು. ಅಧ್ಯಕ್ಷನಾಗಿ ನಾನು ಎದ್ದು ನಿಂತು, 'ಲೋಹಿಯೋಕಿ ಕ್ವೇನ್ ಮನೆ' ಎಂದಿರಲಿ ಎಂದೆ. ರಾಜಧಾನಿಯವರೇ ಈಗ ನಮ್ಮನ್ನು ಆ ಹೆಸರಿನಿಂದ ಈ ದೇಶದ ಒಂದು ಜನ ಎಂದು ಒಪ್ಪಿಕೊಂಡಿದ್ದಾರೆ. ನೀನು ಟೋಪಿ ಹಾಕಿಕೊಂಡು ಎದ್ದೆ. "ಆ ಮಾತು ಬರ್ದಿರೋ ಬಾಗ್ಲೊಳಗೆ ನಾನು ಕಾಲಿಡಲ್ಲ" ಎಂದವನೇ ಹೊರಟೇ ಹೋದೆ. ಕಾಫಿಯನ್ನೂ ಮುಟ್ಟಲಿಲ್ಲ. ನಮ್ಮವರಲ್ಲಿ ಕಾಫಿ ಬಿಟ್ಟು ಎದ್ದು ಹೋದವರನ್ನು ನಾನು ಇದುವರೆಗೆ ಹೆಣ ಎತ್ತುವ ಮನೆಯಲ್ಲೂ ಕಂಡಿಲ್ಲ.

ಈ ಕೊಲ್ಲಿಯ ಎರಡೂ ದಡದಲ್ಲಿ ಮರದ ಮೇಲೆ ಅಕ್ಷರ ಕೆತ್ತಲು ಬರುವುದು ನಿನಗೊಬ್ಬನಿಗೇ. ನಡುಬೇಸಿಗೆಯ ಹಬ್ಬದ ದಿನ ಬಾಗಿಲು ತೆರೆಯುತ್ತೇವೆ. ಹಲಗೆ ಕೆತ್ತಿಕೊಡು ಎಂದು ಸಂಘದ ಪರವಾಗಿ ಕೇಳುತ್ತಿದ್ದೇನೆ.

ನನ್ನ ಪರವಾಗಿ ಕೇಳುವುದು ಬೇರೆಯೇ ಇದೆ. ಶನಿವಾರ ನಿನ್ನ ದಡದಲ್ಲಿ ಸೌನಾ ಕಾದಿದೆ, ಬಾ ಎಂದು ಕರೆಯುವ ಬಿಳಿ ಟವೆಲ್ಲು ಕಂಬದ ಮೇಲೆ ಏರುವುದಿಲ್ಲ, ನನ್ನ ದಡದಲ್ಲೂ ಏರುವುದಿಲ್ಲ. ಒಂದು ವಾರ ನಿನ್ನ ಸೌನಾದಲ್ಲಿ ಬೆವರು ಸ್ನಾನ, ಮರುವಾರ ನನ್ನದರಲ್ಲಿ ಎಂದು ನಡೆದುಕೊಂಡು ಬಂದದ್ದು ನಿಂತಿದೆ. ಒಬ್ಬ ಕಾಯಿಸಿದರೆ ಇನ್ನೊಬ್ಬ ಒಳಗೆ ತಲೆ ತೂರಿಸಿ, ಗಾಳಿ ಮೂಸಿ, ಕೆಂಡ ಉಳಿದಿಲ್ಲವೆಂದು ನೋಡಿ, 'ಆಗಬಹುದು' ಎನ್ನುವ ತನಕ ಯಾರೂ ಹೊಸ್ತಿಲು ದಾಟಬಾರದು ಎಂಬುದು ನಿಮ್ಮಪ್ಪ ಮಾಡಿದ ನಿಯಮ. ಈಗ ಚಿಮಣಿಯಿಲ್ಲದ ನಿನ್ನ ಹೊಗೆ ಸೌನಾಕ್ಕೆ ತಲೆ ತೂರಿಸುವವರು ಯಾರು? ನಿನ್ನ ಮೊಂಡುತನವೇ ತೂರಿಸುತ್ತದೆಯೇ?

ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ, ನಿನ್ನಂತೆಯೇ ಮುಖ ತೋರಿಸದೆ.

ಪಿಯೆಟಿ

•

ನಿಯೆಮಿ
2 ಫೆಬ್ರವರಿ

ಅಧ್ಯಕ್ಷರೇ,

ನನ್ನ ಕ್ಷೇಮಕ್ಕೆ ಕೊರತೆಯಿಲ್ಲ. ಕಾಡ್ ಮೀನು ಸಿಗುತ್ತಿದೆ, ಆಲೂಗಡ್ಡೆ ಮುಗಿದಿಲ್ಲ. ಬೆನ್ನನ್ನು ನಾನೇ ಉಜ್ಜಿಕೊಳ್ಳುತ್ತೇನೆ. ಅದಕ್ಕೆಂದೇ ಉದ್ದ ಹಿಡಿಯ ಬ್ರಷ್ಷು ಮಾಡಿಕೊಂಡಿದ್ದೇನೆ. ಅದು ನಿನಗಿಂತ ಚೆನ್ನಾಗಿ ಉಜ್ಜುತ್ತದೆ, ಉಜ್ಜುವಾಗ ರಾಜಕೀಯ ಮಾತಾಡುವುದಿಲ್ಲ.

ಅಂದಹಾಗೆ, ಟಪಾಲು ದೋಣಿಯ ಗುನ್‌ವೋರ್ ಹೇಳಿದಳು. ನೀನು ಶನಿವಾರ ಪೂರ್ತಿ ಕಿಟಕಿಯಲ್ಲಿ ದುರ್ಬೀನು ಹಿಡಿದು ಕೂತಿರುತ್ತೀಯಂತೆ. ಏನು ನೋಡುತ್ತೀಯೋ?

ಈಗ ಹಲಗೆಯ ಮಾತು. ನೀನು ಕೇಳಿದೆ, ಹೇಳುತ್ತೇನೆ. ನನಗೆ ಆರೋ ಏಳೋ ವರ್ಷ. ಅಮ್ಮ ಬೆಣ್ಣೆಯ ಡಬ್ಬಿ ಹಿಡಿದು ಪಟ್ಟಣದ ಅಂಗಡಿಗೆ ಹೋದಳು, ನಾನು ಅವಳ ಲಂಗ ಹಿಡಿದಿದ್ದೆ. ಮೊದಲು ಬಂದದ್ದು ನಾವೇ. ಆಮೇಲೆ ಬಂದವರೆಲ್ಲ ಸಾಮಾನು ಕಟ್ಟಿಸಿಕೊಂಡು ಹೋದರು. ಅಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಅಂಗಡಿಯವನು ತಲೆಯನ್ನೂ ಎತ್ತದೆ, "ಕ್ವೇನ್ ಹೆಂಗ್ಸು ತಾನೆ, ಕಾಯ್ಲಿ ಬಿಡು, ಇವಕ್ಕೇನು ಅವಸರ" ಎಂದ. ಅಮ್ಮ ಭಾಷೆ ಗೊತ್ತಿಲ್ಲದವಳ ಹಾಗೆ ನಗುತ್ತಾ ನಿಂತಳು. ಅವಳಿಗೆ ಪ್ರತಿಯೊಂದು ಮಾತೂ ಗೊತ್ತಿತ್ತು, ಪಿಯೆಟಿ. ಹಿಂದಿರುಗುವ ದಾರಿಯಲ್ಲಿ, "ಅಪ್ಪಂಗೆ ಹೇಳ್ಬೇಡ ಮಗಾ" ಎಂದಳು.

ಆ ಮಾತನ್ನು ನಾನು ನನ್ನ ಉಳಿಯಿಂದ, ನನ್ನ ಕೈಯಿಂದ, ಚೆಂದ ಮಾಡಿ ಕೆತ್ತಬೇಕೆ?

ನಮ್ಮ ಮುತ್ತಜ್ಜಂದಿರು ಒಂದು ಕೊಡಲಿ, ಒಂದು ಹಸು ಹಿಡಿದು ಫಿನ್ನರ ನಾಡಿನಿಂದ ಗುಡ್ಡ ದಾಟಿ ಬಂದರು. 'ಫಿನ್ನರ ವಂಶದವರು' ಎಂದು ಬರೆ. 'ನಮ್ಮವರು' ಎಂದು ಬರೆ. ಯಾರು ಬೇಡವೆಂದರು? ಬೈದವರು ಕೊಟ್ಟ ಹೆಸರನ್ನೇ ಹಣೆಗೆ ಅಂಟಿಸಿಕೊಂಡು ಮೆರೆಯುವುದು ನನ್ನಿಂದಾಗದು.

ಬ್ರೀಟಾಳನ್ನು ಕೇಳಿದೆನೆಂದು ಹೇಳು. ಅವಳ ಕಾಫಿಯನ್ನು ಬಿಟ್ಟೆದ್ದದ್ದಕ್ಕೆ ಮಾತ್ರ ನನಗೆ ಬೇಸರವಿದೆ.

ಹೇಯ್ಕಾ

•

ಲೋಹಿಯೋಕಿ
28 ಫೆಬ್ರವರಿ

ಹೇಯ್ಕಾ,

ಬೆಣ್ಣೆ ಡಬ್ಬಿಯ ಸಂಗತಿ ಇಷ್ಟು ವರ್ಷ ಒಂದೇ ಬೆಂಚಿನ ಮೇಲೆ ಕೂತರೂ ನನಗೆ ಹೇಳಿರಲಿಲ್ಲ. ಓದಿದ ಮೇಲೆ ಬ್ರೀಟಾ ಕಣ್ಣೊರೆಸಿಕೊಂಡು, ಆ ಅಂಗಡಿಯವನು ಸಿಕ್ಕಿದ್ದರೆ ಅದೇ ಡಬ್ಬಿಯಿಂದ ಕೊಡುತ್ತಿದ್ದೆ ಎಂದಳು. ಅವನು ಸತ್ತು ಎಷ್ಟೋ ಕಾಲವಾಯಿತು. ಬದುಕಿಕೊಂಡ.

ನನಗೇನು ಆ ಮಾತು ಆರತಿ ಎತ್ತಿ ಹೇಳಿದ್ದರೇ? ಶಾಲೆಯಂಗಳದಲ್ಲಿ ದೊಡ್ಡ ಹುಡುಗರು ಮೀನಿನ ತಲೆ ಎಸೆಯುವಾಗ ಕೂಗುತ್ತಿದ್ದದ್ದು ಅದೇ ಮಾತು. ನೀನು ನನ್ನ ಮುಂದೆ ಬಂದು ನಿಂತು ನಿನ್ನ ಕೋಟಿನ ಮೇಲೆ ಹೊಡೆಸಿಕೊಂಡೆ, ಮರೆತೆಯಾ? ನಾನು ಮರೆತಿಲ್ಲ. ಆ ಮೀನಿನ ತಲೆ ಬಿದ್ದ ಜಾಗದ ಮೇಲೇ ಆ ಮಾತನ್ನು ನಮ್ಮದಾಗಿಸಿ ತೂಗು ಹಾಕಬೇಕು ಎನ್ನುವುದು ನನ್ನ ಹಟ.

ಇನ್ನೊಂದು. ಕಳೆದ ವಾರ ಟ್ರೋಮ್ಸೆಯಿಂದ ಒಬ್ಬ ವಿದ್ವಾಂಸರು ಬಂದು ಆ ಪದದ ಹುಟ್ಟಿನ ಬಗ್ಗೆ ಭಾಷಣ ಮಾಡಿದರು. ಕೇಳು, ನಿನಗೆ ಸಮಾಧಾನವಾದೀತು. ಅದು ಅಂಗಡಿಯವನು ಹುಟ್ಟಿಸಿದ ಮಾತಲ್ಲ. ಸಾವಿರ ವರ್ಷದ ಹಿಂದೆಯೇ ಪ್ರವಾಸಿಗಳು ಬರೆದಿಟ್ಟಿದ್ದಾರಂತೆ. ತಗ್ಗಿನ ಜೌಗು ನೆಲ ಎಂಬರ್ಥದ ಹಳೇ ಮಾತಿನಿಂದ ಬಂದಿರಬೇಕು, ಅಂದರೆ ಕೊಲ್ಲಿಯಂಚಿನ ತಗ್ಗಿನವರು ಎಂದು ಕೆಲವರು ಹೇಳುತ್ತಾರೆ. ನಮ್ಮವರು ತಮ್ಮನ್ನು ಕರೆದುಕೊಳ್ಳುತ್ತಿದ್ದ 'ಕಾಯ್ನು' ಎಂಬ ಹೆಸರೇ ಅನ್ಯರ ಬಾಯಲ್ಲಿ ತಿರುಗಿ ಹೀಗಾಯಿತು ಎಂದು ಇನ್ನು ಕೆಲವರು. ಯಾವುದೂ ಇತ್ಯರ್ಥವಾಗಿಲ್ಲವಂತೆ.

ಮೂರನೆಯದೇ ಮಜಾ. ಆ ಮಾತು ಹಳೇ ಭಾಷೆಯ 'ಹೆಂಗಸು' ಎಂಬ ಪದದಂತೆ ಕೇಳುತ್ತದೆ. ಹಾಗಾಗಿ ಹಿಂದೆ ಒಬ್ಬ ಪಾದ್ರಿ, ಉತ್ತರದಲ್ಲಿ ಬರೀ ಹೆಂಗಸರೇ ಆಳುವ ದೇಶವಿದೆ ಎಂದು ಬರೆದುಬಿಟ್ಟನಂತೆ. ಸಭೆಯೆಲ್ಲ ನಕ್ಕಿತು. ಬ್ರೀಟಾ ಮಾತ್ರ ನಗಲಿಲ್ಲ. "ಅದರಲ್ಲಿ ತಪ್ಪೇನಿದೆ? ಪಾದ್ರಿ ನಮ್ಮನೆಗೆ ಬಂದಿರಬೇಕು" ಎಂದಳು.

ಹಲಗೆಯ ಮರ ಆರಿಸಿದೆಯಾ?

ದುರ್ಬೀನಿನಲ್ಲಿ ನಾನು ನೋಡುವುದು ಕಡಲ ಬಾತುಗಳನ್ನು. ಗುನ್‌ವೋರ್‌ಗೆ ಹೇಳು.

ಪಿಯೆಟಿ

•

ನಿಯೆಮಿ
21 ಮಾರ್ಚ್

ಪಿಯೆಟಿ,

ಫೆಬ್ರವರಿಯಲ್ಲಿ ಕಡಲ ಬಾತು ನೋಡಲು ನನ್ನ ಸೌನಾದ ಕಡೆಗೇ ದುರ್ಬೀನು ತಿರುಗಿಸಬೇಕೇನು?

ತಗ್ಗಿನವರೋ, ಕಾಯ್ನುವಿನವರೋ, ಹೆಂಗಸರೋ, ವಿದ್ವಾಂಸರ ಅರ್ಥಗಳೆಲ್ಲ ಬಲು ಚೆಂದ. ಆದರೆ ಅವು ಅಂಗಡಿಯಲ್ಲಿ ಚಲಾವಣೆಯಲ್ಲಿರಲಿಲ್ಲ. ಅಲ್ಲಿ ಆ ಮಾತಿಗಿದ್ದದ್ದು ಒಂದೇ ಅರ್ಥ. ಅಮ್ಮ ಆ ಅರ್ಥವನ್ನು ಹೊತ್ತುಕೊಂಡೇ ಮಣ್ಣಿಗೆ ಹೋದಳು. ಸಾವಿರ ವರ್ಷದ ಹಿಂದೆ ಅದು ಏನಾಗಿತ್ತು ಎಂದು ಈಗ ಅವಳ ಗೋರಿಯ ಮುಂದೆ ಭಾಷಣ ಮಾಡಲೇ?

'ಹಳೇ ಶಾಲೆ' ಎಂದು ಬೇಕಾದರೆ ಕೆತ್ತಿಕೊಡುತ್ತೇನೆ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಸೂರ್ಯ ಬಂದಿದ್ದಾನೆ. ಬ್ರಷ್ಷಿನ ಹಿಡಿ ಮುರಿಯಿತು.

ಹೇಯ್ಕಾ

•

ಲೋಹಿಯೋಕಿ
27 ಏಪ್ರಿಲ್

ಹೇಯ್ಕಾ,

ಇದು ನನ್ನ ಕೊನೆಯ ಕಾಗದ. ಬ್ರೀಟಾಳಿಗೆ ತೋರಿಸದೆ ಕಳಿಸುತ್ತಿದ್ದೇನೆ.

ಸಂಘದ ಸಭೆ ನಿನಗಾಗಿ ಎಷ್ಟು ದಿನ ಕಾಯಬೇಕು? ಪಟ್ಟಣದಲ್ಲಿ ಪ್ಲಾಸ್ಟಿಕ್ಕಿನ ಫಲಕ ಮಾಡುವವನಿದ್ದಾನೆ. ಮೇ ತಿಂಗಳಲ್ಲಿ ಅವನಿಗೆ ಹೇಳಿಬಿಡುತ್ತೇವೆ. ಯಂತ್ರದ ಅಕ್ಷರ, ಹೊಳೆಯುವ ಬಣ್ಣ. ಮಳೆಗೆ ಒದ್ದೆಯಾಗುವುದಿಲ್ಲ, ಮಾತಿಗೆ ಮುನಿಸಿಕೊಳ್ಳುವುದಿಲ್ಲ.

ನೀನು ಮಾನಕ್ಕಾಗಿ ಬೇಡವೆನ್ನುತ್ತಿಲ್ಲ. ಹೆದರಿಕೆಗೆ ಬೇಡವೆನ್ನುತ್ತಿದ್ದೀಯ. ಸತ್ತು ಹೋದ ಅಂಗಡಿಯವನಿಗೆ ಇನ್ನೂ ಹೆದರುತ್ತೀಯ. ನಿನ್ನಮ್ಮನಿಗಾದರೂ ಕಾಯದೆ ಗತಿಯಿರಲಿಲ್ಲ. ನೀನು ಬೇಕೆಂದೇ ಇನ್ನೂ ಆ ಅಂಗಡಿಯ ಮೂಲೆಯಲ್ಲಿ ನಿಂತಿದ್ದೀಯ. ನಿಂತಿರು.

ಪೆಟ್ಟೆರ್ ಮಿಕ್ಕೊಲಾ (ಇನ್ನು ನಿನಗೆ ಪಿಯೆಟಿ ಅಲ್ಲ)
ಅಧ್ಯಕ್ಷ

•

ಲೋಹಿಯೋಕಿ
4 ಮೇ

ಹೇಯ್ಕಾ,

ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ನಮ್ಮನೆಯವರು ಬದುಕಿದ್ದಾರೆ. ಅಡುಗೆಮನೆಯಲ್ಲಿ ಗುಮ್ಮನೆ ಕೂತಿದ್ದಾರೆ. ಏನೋ ಬರೆದು ಕಳಿಸಿದ್ದರಂತೆ, ಈಗ ಪೆನ್ನು ಮುಟ್ಟಲು ಮುಖವಿಲ್ಲವಂತೆ. ಏನು ಬರೆದದ್ದು ಎಂದು ಕೇಳಿದರೆ ಕಾಫಿ ಲೋಟದೊಳಗೆ ನೋಡುತ್ತಾರೆ. ನಿನಗೆ ಏನೂ ನೆನಪಿಲ್ಲವೆಂದು ಆಸ್ಪತ್ರೆಯ ನರ್ಸು ಫೋನಿನಲ್ಲಿ ಹೇಳಿದಳು, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಇವರು ಎಂದಿನಂತೆ ಕಿಟಕಿಯಲ್ಲಿ 'ಬಾತು' ನೋಡುತ್ತಿದ್ದರು. ನಾನು ರೊಟ್ಟಿ ಬೇಯಿಸುತ್ತಿದ್ದೆ. ಇದ್ದಕ್ಕಿದ್ದಂತೆ, "ಬ್ರೀಟಾ, ಹೊಗೆ ನಿಂತ್ಹೋಯ್ತು ಕಣೇ!" ಎಂದು ಕೂಗಿದರು.

"ನಿಲ್ದೆ ಇನ್ನೇನು? ಕಾದಿರತ್ತೆ" ಎಂದೆ.

"ಇಲ್ಲ! ಕರೀ ಹೊಗೆ ಬೂದಿ ಆಗ್ಬೇಕು, ಬೂದಿ ಬಿಳಿ ಆಗ್ಬೇಕು, ಆಮೇಲೆ ತಾನೆ ನಿಲ್ಲೋದು? ಕರ್ರಗೆ ಬರ್ತಿದ್ದದ್ದು ಫಕ್ಕನೆ ನಿಂತಿದೆ. ಅವನು ಕೆಂಡ ಹೊರಗೆ ಎಳೀದೆ ಹೊಗೆಕಿಂಡಿ ಮುಚ್ಚಿದಾನೆ. ತಲೆ ಕೆಟ್ಟಿದೆ ಅವನಿಗೆ, ಬಾ!"

ಹೊಗೆ ಸೌನಾದಲ್ಲಿ ಕೆಂಡವಿರುವಾಗ ಕಿಂಡಿ ಮುಚ್ಚಿದರೆ ವಿಷಗಾಳಿ ತುಂಬಿ ಒಳಗಿದ್ದವರ ಪ್ರಾಣ ಹೋಗುತ್ತದೆ ಎಂದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ನಿನಗೆ ಗೊತ್ತಿಲ್ಲವೇ? ದೋಣಿಯ ಮೋಟಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಇವರ ಮಂಡಿ ನಿನಗೆ ಗೊತ್ತೇ ಇದೆ. ಹುಟ್ಟು ಹಿಡಿದವಳು ನಾನು. ಇವರು ಮುಂದೆ ಕೂತು "ಬೇಗ, ಬೇಗ" ಎಂದು ಕೂಗುತ್ತಿದ್ದರು. "ಕೂಗಿದ್ರೆ ದೋಣಿ ಓಡಲ್ಲ, ಸುಮ್ನಿರ್ರೀ" ಎಂದೆ. ಆ ಪಾದ್ರಿ ಸುಳ್ಳು ಬರೆದಿಲ್ಲ, ನೋಡು.

ನೀನು ಒಳಗಿಂದ ಹೊರಡಲು ಎದ್ದವನು ಹೊಸ್ತಿಲ ಮೇಲೆ ಬಿದ್ದಿದ್ದೆ. ಕಾಲು ಬಾಗಿಲಿಗೆ ಅಡ್ಡ ಸಿಕ್ಕಿ ಒಂದಿಷ್ಟು ಸಂದಿ ಉಳಿದಿತ್ತು. ಆ ಸಂದಿಯ ಗಾಳಿಯೇ ನಿನ್ನನ್ನು ಉಳಿಸಿದ್ದು ಎಂದು ಡಾಕ್ಟರು ಹೇಳಿದರು. ಹೊರಗೆ ಹಿಮದ ಮೇಲೆ ಎಳೆದು ಹಾಕಿದೆವು. ಇವರು ನಿನ್ನ ಕೆನ್ನೆಗೆ ಬಾರಿಸುತ್ತಾ ಏನೇನೋ ಕೂಗುತ್ತಿದ್ದರು. ನಾನು ಫೋನು ಮಾಡಲು ನಿನ್ನ ಮನೆಯೊಳಗೆ ಓಡಿದ್ದರಿಂದ ಏನೆಂದು ಕೇಳಿಸಲಿಲ್ಲ. ವಾಪಸು ಬರುವಾಗ ನೀನು ಕೆಮ್ಮುತ್ತಿದ್ದೆ. ಅಷ್ಟು ಚೆಂದದ ಕೆಮ್ಮನ್ನು ನಾನು ಕೇಳಿಲ್ಲ.

ನಿನ್ನ ಮೈಮೇಲೆ ಒಂದು ದಾರವೂ ಇರಲಿಲ್ಲ. ನನ್ನ ಹೂವಿನ ಏಪ್ರನ್ ಬಿಚ್ಚಿ ಹೊದಿಸಿದೆ. ಹೆಲಿಕಾಪ್ಟರಿನವರು ಹಾಗೇ ಹೊತ್ತೊಯ್ದರು. ಆ ಏಪ್ರನ್ ನನಗೆ ವಾಪಸು ಬೇಕು. ಇಸ್ತ್ರಿ ಮಾಡಿ ತಾ.

ಬ್ರೀಟಾ

•

ಪಟ್ಟಣದ ಆಸ್ಪತ್ರೆ
12 ಮೇ

ಪ್ರೀತಿಯ ಬ್ರೀಟಾ, ಹಾಗೂ ಲೋಟದೊಳಗೆ ನೋಡುತ್ತಿರುವ ಅಧ್ಯಕ್ಷರೇ,

ತಲೆನೋವು ಇಳಿದಿದೆ. ಇಲ್ಲಿಯ ಕಾಫಿ ಮೀನು ತೊಳೆದ ನೀರಿನಂತಿದೆ. ಇಲ್ಲಿಯೂ ಒಂದು ಸೌನಾ ಇದೆ, ಕರೆಂಟಿನದು. ಹೊಗೆಯಿಲ್ಲ, ವಾಸನೆಯಿಲ್ಲ, ಒಳಗೆ ಬಿಡುವುದೂ ಇಲ್ಲ. ನರ್ಸಮ್ಮ, "ಅಜ್ಜಾ, ನಿಮಗೆ ಇನ್ನೊಂದು ಸೌನಾ ಬೇರೆ ಕೇಡು" ಎಂದು ಗದರುತ್ತಾಳೆ.

ಪಿಯೆಟಿ, ನಿನ್ನ ಕಾಗದ ಆ ಶನಿವಾರವೇ ಬಂತು. ಓದಿ ಮೈ ಉರಿದು ಹೋಯಿತು. ಸೀದಾ ಸೌನಾದ ಒಲೆಗೆ ಹಾಕಿದೆ. ಅದು ಉರಿಯುವುದನ್ನು ನೋಡಿ ಸಂತೋಷಪಟ್ಟೆ. ಆಮೇಲೆ ನಿನ್ನ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತಾ, 'ಹೆದರುತ್ತೇನೆಯೇ, ನಾನೇ' ಎಂದು ಗೊಣಗುತ್ತಾ ಕಿಂಡಿ ಮುಚ್ಚಿ ಒಳಗೆ ಹೋಗಿ ಕೂತೆ. ಕೆಂಡ ಇದೆ ಎಂಬುದು ನೆನಪಾದಾಗ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ತಲೆ ತೂರಿಸಿ 'ಬೇಡ' ಎನ್ನುವವನು ಹೊರಗಿರಲಿಲ್ಲ. ಅವನನ್ನು ಓಡಿಸಿದವನು ನಾನೇ.

ನನಗೆ ಏನೂ ನೆನಪಿಲ್ಲ ಎಂದು ನರ್ಸಿಗೆ ಹೇಳಿದ್ದು ಪೂರ್ತಿ ನಿಜವಲ್ಲ. ಹಿಮದ ಮೇಲೆ ನೀನು ಏನು ಕೂಗಿದೆ ಎಂಬುದು ನಿನಗೆ ನೆನಪಿದೆಯೇ?

ಪ್ಲಾಸ್ಟಿಕ್ಕಿನವನಿಗೆ ಇನ್ನೂ ಹೇಳಬೇಡ. ಏಪ್ರನ್ ನನ್ನ ಹಾಸಿಗೆಯ ಕೆಳಗಿದೆ, ಕ್ಷೇಮವಾಗಿದೆ.

ಹೇಯ್ಕಾ

•

ಲೋಹಿಯೋಕಿ
20 ಮೇ

ಹೇಯ್ಕಾ,

ನಾನು ಏನೂ ಕೂಗಲಿಲ್ಲ. ಏಳು ಎಂದಿರಬಹುದು. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಗಾಳಿ ಬೇರೆ ಬೀಸುತ್ತಿತ್ತು.

ಆ ಕಾಗದವನ್ನು ಸುಟ್ಟದ್ದು ಒಳ್ಳೆಯದೇ ಮಾಡಿದೆ. ನಾನು ಬರೆಯಬಾರದಿತ್ತು. ಅಂಗಡಿಯ ಮೂಲೆಯಲ್ಲಿ ನಿಂತದ್ದು ನೀನು, ನಿಲ್ಲಿಸಿದವನಿಗೆ ಬಯ್ಯುವುದು ಬಿಟ್ಟು ನಿನಗೆ ಬೈದೆ.

ನಿನ್ನೆ ಸಂಘದವರನ್ನು ಮನೆಗೆ ಕರೆದೆ. "ಹಲಗೆ ಮೇಲೆ 'ಹಳೇ ಶಾಲೆ' ಅಂತ ಇದ್ರೆ ಸಾಕು. ನಂಗೆ ಹೆಸರಿಗಿಂತ ಹೇಯ್ಕಾ ಬೇಕು" ಎಂದೆ. ಯಾರೂ ಎದುರು ಮಾತಾಡಲಿಲ್ಲ, ಬ್ರೀಟಾ ಬಾಗಿಲಲ್ಲಿ ನಿಂತಿದ್ದಳು. ಹಾಗಾಗಿ ನೀನು ಹೇಳಿದಂತೆಯೇ ಕೆತ್ತು. ಇಲ್ಲವೆಂದರೆ ಏನೂ ಕೆತ್ತಬೇಡ, ಬರಿಯ ಬಾಗಿಲು ಇರಲಿ. ನೀನು ಅದರೊಳಗೆ ಕಾಲಿಟ್ಟು ಕಾಫಿ ಕುಡಿದು ಹೋದರೆ ನನಗದೇ ಹಬ್ಬ.

ಮೋಟಾರು ರಿಪೇರಿಯಾಯಿತು.

ಪಿಯೆಟಿ

•

ನಿಯೆಮಿ
19 ಜೂನ್, ಶನಿವಾರ ಬೆಳಿಗ್ಗೆ

ಪಿಯೆಟಿ,

ಈ ಕಾಗದದ ಜೊತೆ ಗುನ್‌ವೋರ್ ದೋಣಿಯಿಂದ ಒಂದು ಉದ್ದನೆಯ ಗಂಟು ಇಳಿಸುತ್ತಾಳೆ. ಸುತ್ತಿರುವುದು ಬ್ರೀಟಾಳ ಏಪ್ರನ್. ಇಸ್ತ್ರಿ ಮಾಡಿದ್ದೇನೆ, ಒಂದು ಕಡೆ ಸ್ವಲ್ಪ ಸುಟ್ಟಿದೆ. ಬಯ್ಯಬೇಡ ಎಂದು ಅವಳಿಗೆ ಹೇಳು.

ಬಿಚ್ಚುವ ಮೊದಲು ಇದನ್ನು ಓದು.

ಮನೆಗೆ ಬಂದ ದಿನ ಮರ ಹುಡುಕಿದೆ. ಪೈನಿನ ಹೊಸ ಹಲಗೆಗಳಿದ್ದವು, ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಸೌನಾದ ಮೇಲಿನ ಬೆಂಚನ್ನೇ ಕಿತ್ತೆ. ನಾವಿಬ್ಬರೂ ಕೂತು ಕೂತು ಅದು ಎಷ್ಟು ನುಣುಪಾಗಿದೆಯೆಂದರೆ ತೋಪಡಾ ಹಾಕಿ ಹೆರೆಯುವ ಕೆಲಸವೇ ಬೀಳಲಿಲ್ಲ. ಹಬ್ಬದ ದಿನ ರಾಜಧಾನಿಯ ದೊಡ್ಡವರು ತಲೆಯೆತ್ತಿ ನಮಸ್ಕರಿಸುವ ಹಲಗೆ ಯಾವುದು ಎಂಬುದು ನಮ್ಮಿಬ್ಬರಲ್ಲೇ ಇರಲಿ.

ನೀನು ಏನೂ ಕೂಗಲಿಲ್ಲ ಎಂದು ಬರೆದೆ. ಸುಳ್ಳುಗಾರ. ನಾನು ಎಲ್ಲೋ ಆಳದಲ್ಲಿದ್ದೆ, ಅಲ್ಲಿ ಬೆಚ್ಚಗಿತ್ತು, ಮೇಲೆ ಬರುವ ಮನಸ್ಸೇ ಇರಲಿಲ್ಲ. ಆಗ ನಿನ್ನ ದನಿ ಬಂತು. "ಏಳೋ! ಏಳೋ, ಮೊಂಡ ಕ್ವೇನ್! ನನ್ನೊಬ್ಬನ್ನೇ ಬಿಟ್ಟು ಹೋಗ್ಬೇಡ್ವೋ, ದರಿದ್ರ ಕ್ವೇನ್!" ನನ್ನ ಮುಖದ ಮೇಲೆ ಹನಿ ಬೀಳುತ್ತಿತ್ತು. ಸೌನಾದ ಮಾಡು ಸೋರುತ್ತಿದೆ, ಸರಿ ಮಾಡಬೇಕು ಎಂದುಕೊಂಡೆ. ಕಣ್ಣು ಬಿಟ್ಟರೆ ಮೇಲೆ ಮಾಡು ಇರಲಿಲ್ಲ. ನೀನಿದ್ದೆ.

ಆ ಮಾತನ್ನು ನಾನು ಅಂಗಡಿಯಲ್ಲಿ ಕೇಳಿದ್ದೇನೆ, ಶಾಲೆಯಂಗಳದಲ್ಲಿ ಕೇಳಿದ್ದೇನೆ, ಮೀನಿನ ಕಟ್ಟೆಯ ಮೇಲೆ ಕೇಳಿದ್ದೇನೆ. ಅಳುತ್ತಾ ಹೇಳಿದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಿನ್ನ ವಿದ್ವಾಂಸರಿಗೆ ಹೇಳು, ಈ ಅರ್ಥವನ್ನೂ ಬರೆದುಕೊಳ್ಳಲಿ. ಉಳಿದವು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಇದು ನಿಜ.

ನಿನ್ನೆ ಅಮ್ಮನ ಗೋರಿಯ ಬಳಿ ಹೋಗಿ ಹಲಗೆ ತೋರಿಸಿ ಬಂದೆ. ಭಾಷಣವೇನೂ ಮಾಡಲಿಲ್ಲ. "ಕಾದಿದ್ದು ಸಾಕಮ್ಮ" ಎಂದೆ, ಅಷ್ಟೆ.

ಈಗ ಬಿಚ್ಚು. ನೀನು ಕೇಳಿದ ಹೆಸರೇ ಇದೆ. ಅಕ್ಷರ ಆಳವಾಗಿಯೇ ಕೆತ್ತಿದ್ದೇನೆ. ಬೇಡವೆಂದರೂ ಇನ್ನು ತೆಗೆಯಲಾಗದು.

ಹೊಸ ಬೆಂಚು ಹಾಕಿದ್ದೇನೆ, ಒರಟಾಗಿದೆ, ಕೂತು ಕೂತು ಸರಿ ಮಾಡಬೇಕು. ಒಲೆ ಹಚ್ಚಿದ್ದೇನೆ. ಸಂಜೆಗೆ ಕಂಬದ ಮೇಲೆ ಬಿಳಿ ಟವೆಲ್ಲು ಏರುತ್ತದೆ. ದುರ್ಬೀನು ಕೆಳಗಿಟ್ಟು ದೋಣಿ ಹತ್ತು. ನೀನು ಬಂದು ತಲೆ ತೂರಿಸಿ 'ಆಗಬಹುದು' ಎನ್ನುವ ತನಕ ನಾನು ಹೊರಗೇ ಕೂತಿರುತ್ತೇನೆ. ಬೇಗ ಬಾ, ಬೆನ್ನು ಸಿಕ್ಕಾಪಟ್ಟೆ ತುರಿಸುತ್ತಿದೆ.

ನಿನ್ನ ಮೊಂಡ ಕ್ವೇನ್,
ಹೇಯ್ಕಾ